ಮರಕ್ಕೂ ಮಾರಣಹೋಮ, ಮನುಷ್ಯರಿಗೂ ಮಾರಣಹೋಮ: ಕನ್ನಡ ಸಂಪಾದಕರಿಗೊಂದು ಬಹಿರಂಗ ಪತ್ರ

ಕನ್ನಡ ದಿನಪತ್ರಿಕೆಗಳ ಮತ್ತು ಸುದ್ದಿವಾಹಿನಿಗಳ ಮಾನ್ಯ ಸಂಪಾದಕರಿಗೆ,

ಸಾಗರದಿಂದ ಒಬ್ಬ ಹಳೆಯ ವಕೀಲನ ನಮಸ್ಕಾರಗಳು.

ಮೂವತ್ತೊಂದು ವರ್ಷ ಈ ಜಿಲ್ಲೆಯ ನ್ಯಾಯಾಲಯಗಳಲ್ಲಿ ಹೆಚ್ಚಾಗಿ ಕ್ರಿಮಿನಲ್ ಮೊಕದ್ದಮೆಗಳನ್ನೇ ನಡೆಸಿ, ಈಗ ಕರಿಕೋಟನ್ನು ಗೂಟಕ್ಕೆ ತೂಗುಹಾಕಿ, ಬೆಳಗಿನ ಹೊತ್ತು ಮೂರು ಪತ್ರಿಕೆಗಳನ್ನು ಕೊನೆಯ ಪುಟದವರೆಗೂ ಓದುವುದನ್ನೇ ಕಸುಬು ಮಾಡಿಕೊಂಡಿರುವವನು ನಾನು. ಗಾಜಾದ ಯುದ್ಧದ ಸುದ್ದಿಯಲ್ಲಿ ಇಂಗ್ಲಿಷಿನ ‘ಜೆನೊಸೈಡ್’ಗೆ ತಾವು ಬಳಸುತ್ತಿರುವ ಒಂದು ಪದದ ಬಗ್ಗೆ, ಸರಿಯಾಗಿ ಹೇಳಬೇಕೆಂದರೆ ಒಂದು ಪದ ಬಳಸಬೇಕಾದ ಕಡೆ ಮನಬಂದಂತೆ ಬಳಸುತ್ತಿರುವ ನಾಲ್ಕಾರು ಪದಗಳ ಬಗ್ಗೆ, ತಮ್ಮ ಗಮನ ಸೆಳೆಯುವುದಕ್ಕಾಗಿ ಈ ಪತ್ರ.

2025ರ ದೀಪಾವಳಿ ಕಳೆದ ಮೇಲೆ ನಮ್ಮ ಕಡೆಯ ಕಾಲೇಜೊಂದರವರು ಚರ್ಚಾಸ್ಪರ್ಧೆಗೆ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ‘ಗಾಜಾದಲ್ಲಿ ನಡೆದದ್ದು ಜನಾಂಗಹತ್ಯೆಯೇ?’ ಎಂಬ ವಿಷಯ ಆಮಂತ್ರಣದಲ್ಲಿ ಅಚ್ಚಾಗಿತ್ತು. ಹೋಗಿ ನೋಡಿದರೆ ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಆ ಸಾಲಿನ ಮೇಲೆ ಬಿಳಿ ಹಾಳೆ ಅಂಟಿಸಿ, ‘ಯುದ್ಧದಿಂದ ಶಾಂತಿ ಸಾಧ್ಯವೇ?’ ಎಂದು ಮಾರ್ಕರ್ ಪೆನ್ನಿನಲ್ಲಿ ಬರೆದಿದ್ದರು. ಹಿಂದಿನ ಸಂಜೆ ಯಾರೋ ಫೋನ್ ಮಾಡಿದ್ದರಂತೆ. ಯಾರೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಗೋಂದು ಇನ್ನೂ ಒಣಗಿರಲಿಲ್ಲವಾದ್ದರಿಂದ ಫ್ಯಾನಿನ ಗಾಳಿಗೆ ಹಾಳೆಯ ಒಂದು ಮೂಲೆ ಎದ್ದೆದ್ದು, ಅಡಿಯಲ್ಲಿದ್ದ ‘ಹತ್ಯೆಯೇ?’ ಎಂಬಷ್ಟು ಭಾಗ ಇಡೀ ಸಭೆಗೆ ಕಾಣಿಸುತ್ತಲೇ ಇತ್ತು. ಮಕ್ಕಳಾದರೋ ಒಂದು ತಿಂಗಳಿನಿಂದ ಹಳೆಯ ವಿಷಯಕ್ಕೇ ತಯಾರಾಗಿ ಬಂದವರು. ಹೊಸ ಶೀರ್ಷಿಕೆಯನ್ನು ಶಾಸ್ತ್ರಕ್ಕೆ ಒಮ್ಮೆ ಉಚ್ಚರಿಸಿ, ಹಳೆಯದನ್ನೇ ಮಾತಾಡಿ ಮುಗಿಸಿದರು.

ಅವರಲ್ಲಿ ಹೊಸನಗರದ ಕಡೆಯ ಒಬ್ಬ ಹುಡುಗಿ ನಾಲ್ಕು ಪತ್ರಿಕಾ ತುಣುಕುಗಳನ್ನು ರಟ್ಟಿಗೆ ಅಂಟಿಸಿಕೊಂಡು ತಂದಿದ್ದಳು. ನಾಲ್ಕೂ ಒಂದೇ ಸುದ್ದಿ: 2025ರ ಸೆಪ್ಟೆಂಬರ್ 16ರಂದು ವಿಶ್ವಸಂಸ್ಥೆಯ ತನಿಖಾ ಆಯೋಗ ಗಾಜಾದ ಬಗ್ಗೆ ಹೊರಡಿಸಿದ ವರದಿ. ಒಂದು ಪತ್ರಿಕೆಯಲ್ಲಿ ಅದು ‘ನರಮೇಧ’, ಇನ್ನೊಂದರಲ್ಲಿ ‘ಹತ್ಯಾಕಾಂಡ’, ಮತ್ತೊಂದರಲ್ಲಿ ‘ಜನಾಂಗೀಯ ಹತ್ಯೆ’, ನಾಲ್ಕನೆಯದರಲ್ಲಿ ‘ಮಾರಣಹೋಮ’. ಆಕೆ ರಟ್ಟನ್ನು ಎತ್ತಿ ಹಿಡಿದು, “ಇವು ನಾಲ್ಕೂ ಒಂದೇ ಆದರೆ ನಾಲ್ಕು ಯಾಕೆ ಬೇಕು? ಬೇರೆ ಬೇರೆ ಆದರೆ ಇವುಗಳಲ್ಲಿ ನಿಜವಾದ ಆರೋಪ ಯಾವುದು?” ಎಂದು ಕೇಳಿದಳು. ನನ್ನ ಪಕ್ಕ ಕೂತಿದ್ದ ಕನ್ನಡ ಪಂಡಿತರು ಬಗ್ಗಿ, “ನರಮೇಧ ಅಂದ್ರೆ ಯಾಗ ಮಾರಾಯ್ರೆ” ಎಂದು ಕಿವಿಯಲ್ಲಿ ಹೇಳಿದರು. ಆಮೇಲೆ ಗಂಟೆ ಹೊಡೆಯಿತು, ಸಮಯ ಮುಗಿದಿತ್ತು, ಆಕೆಯ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಅದು ತಮಗೆ ಕೇಳಬೇಕಾದ ಪ್ರಶ್ನೆ ಎಂದು ನನಗೆ ಅನ್ನಿಸಿದ್ದರಿಂದ ಇಲ್ಲಿ ಮುಂದಿಡುತ್ತಿದ್ದೇನೆ.

ಮಲೆನಾಡಿನ ಓದುಗರಿಗೆ ‘ಮಾರಣಹೋಮ’ ಎಂಬ ಪದ ಚೆನ್ನಾಗಿ ಪರಿಚಿತ. ರಸ್ತೆ ಅಗಲೀಕರಣಕ್ಕೆ ಸಾಲುಮರ ಉರುಳಿಸಿದಾಗ, ವಿದ್ಯುತ್ ಯೋಜನೆಗೆ ಕಾಡು ಕಡಿಯುವ ಪ್ರಸ್ತಾವ ಬಂದಾಗಲೆಲ್ಲ ‘ಮರಗಳ ಮಾರಣಹೋಮ’ ಎಂಬ ತಲೆಬರಹ ತಪ್ಪದೆ ಬರುತ್ತದೆ. ಮರ ಕಡಿಯುವುದಕ್ಕೆ ನಮ್ಮಲ್ಲಿ ‘ಕಡಿತಲೆ’ ಎಂಬ ಒಳ್ಳೆಯ ಪದವಿದೆ, ಅರಣ್ಯ ಇಲಾಖೆಯ ಕಾಗದಗಳಲ್ಲೂ ಅದೇ ಇದೆ. ಆದರೆ ಅದರಲ್ಲಿ ಆವೇಶ ಸಾಲದೆಂದು ಹೋಮವನ್ನು ತಂದಿರಬೇಕು. (ಕಾಡಿನ ಬಗ್ಗೆ ತಾವು ಕಾಳಜಿಯಿಂದ ಬರೆಯುವುದರ ಬಗ್ಗೆ ನನಗೆ ಗೌರವವಿದೆ, ತಕರಾರು ಪದದ ಬಗ್ಗೆ ಮಾತ್ರ.) ಅಕೇಶಿಯಾ ಕಡಿದದ್ದಕ್ಕೂ, ಒಂದು ಜನಸಮುದಾಯವನ್ನೇ ಅಳಿಸಲು ಹೊರಟ ಆರೋಪಕ್ಕೂ ಒಂದೇ ಪದ ಹಾಕಿದಾಗ, ಎರಡನೆಯದು ಬಂದ ದಿನ ಓದುಗನ ಕಣ್ಣು ಅದರ ಮೇಲೆ ನಿಲ್ಲುವುದೇ ಇಲ್ಲ.

‘ನರಮೇಧ’ದ ಮಾತೂ ಅಷ್ಟೇ. ಅಶ್ವಮೇಧದಂತೆ ಅದೂ ಬಲಿಕೊಡುವ ಯಾಗದ ಹೆಸರು. ಇಂದು ಆ ಅರ್ಥ ಸವೆದು, ಬಹಳ ಜನ ಒಟ್ಟಿಗೆ ಸತ್ತರು ಎಂಬಷ್ಟೇ ಉಳಿದಿದೆ. ‘ಹತ್ಯಾಕಾಂಡ’ ಎಂದೊಡನೆ ನಮಗೆ 1919ರ ಜಲಿಯನ್‌ವಾಲಾ ಬಾಗ್ ನೆನಪಾಗುತ್ತದೆ. ಒಂದು ಜಾಗದಲ್ಲಿ ಸೇರಿದ ನಿರಾಯುಧ ಜನರನ್ನು ಸಾಮೂಹಿಕವಾಗಿ ಕೊಂದದ್ದಕ್ಕೆ ಅದು ತಕ್ಕ ಪದ. 1938ರಲ್ಲಿ ವಿದುರಾಶ್ವತ್ಥದಲ್ಲಿ ನಡೆದದ್ದಕ್ಕೂ ಅದೇ ಸರಿ. ಈ ಮೂರೂ ಪದಗಳು ಕೊಂದದ್ದನ್ನು ಹೇಳುತ್ತವೆ, ಎಷ್ಟು ಜನರನ್ನು ಎಂಬುದನ್ನು ಸೂಚಿಸುತ್ತವೆ. ಯಾಕೆ ಕೊಂದರು ಎಂಬುದು ಮೂರರಲ್ಲೂ ಇಲ್ಲ.

ಉಳಿದದ್ದು ‘ಜನಾಂಗೀಯ ಹತ್ಯೆ’. ಇದು ಸರಿಯಾದ ಪದದ ಹತ್ತಿರ ಬಂದು ತಪ್ಪಿರುವುದರಿಂದ ಹೆಚ್ಚು ಗೊಂದಲಕಾರಿ. ಜನಾಂಗದ್ವೇಷದಿಂದ ಬೇರೆ ದೇಶದ ಬೀದಿಯಲ್ಲಿ ಯಾರೋ ಒಬ್ಬ ವಿದ್ಯಾರ್ಥಿಯನ್ನು ಕೊಂದರೆ ಅದೂ ಜನಾಂಗೀಯ ಹತ್ಯೆಯೇ. ಶಿಶುಹತ್ಯೆ, ಭ್ರೂಣಹತ್ಯೆ, ಗೋಹತ್ಯೆ ಎನ್ನುವಾಗ ಹತ್ಯೆಗೆ ಒಳಗಾದದ್ದು ಯಾವುದು ಎಂದು ಪದದ ಮೊದಲ ಭಾಗವೇ ಹೇಳುತ್ತದೆ. ಅದೇ ರೀತಿಯಲ್ಲಿ ‘ಜನಾಂಗಹತ್ಯೆ’ ಎಂದರೆ ಇಲ್ಲಿ ಜನಾಂಗವೇ ಬಲಿ ಎಂದಾಗುತ್ತದೆ. ಒಂದು ‘ಈಯ’ ಪ್ರತ್ಯಯ ಸೇರಿದ್ದರಿಂದ ಜನಾಂಗ ಎಂಬುದು ಬಲಿಯ ಸ್ಥಾನದಿಂದ ಕಾರಣದ ಸ್ಥಾನಕ್ಕೆ ಜಾರಿಬಿಡುತ್ತದೆ. ನಮ್ಮಲ್ಲಿ ‘ಜನಾಂಗ’ವನ್ನು ಜಾತಿ ಎಂಬ ಅರ್ಥದಲ್ಲೂ ಬಳಸುತ್ತೇವೆ ಎಂಬ ಆಕ್ಷೇಪವನ್ನು ಪಂಡಿತರು ಎತ್ತಿದರು, ಅದು ನಿಜವೇ, ಆದರೂ ಇರುವ ಪದಗಳಲ್ಲಿ ಇದಕ್ಕಿಂತ ಹತ್ತಿರದ್ದು ನನಗೆ ಕಂಡಿಲ್ಲ.

‘ಜೆನೊಸೈಡ್’ ಎಂಬ ಮೂಲ ಪದವನ್ನು ಟಂಕಿಸಿದವರು ರಫಾಯೆಲ್ ಲೆಮ್ಕಿನ್ ಎಂಬ ಪೋಲೆಂಡಿನ ಯಹೂದಿ ವಕೀಲರು. ಗ್ರೀಕಿನ ‘ಕುಲ’ ಎಂಬರ್ಥದ ಪದಕ್ಕೆ ಲ್ಯಾಟಿನ್ನಿನ ‘ಕೊಲ್ಲು’ ಎಂಬರ್ಥದ ತುಣುಕನ್ನು ಕೂಡಿಸಿ, 1944ರಲ್ಲಿ, ಹಿಟ್ಲರನ ಪಡೆಗಳು ಯುರೋಪಿನಲ್ಲಿ ಮಾಡುತ್ತಿದ್ದುದಕ್ಕೆ ಹೆಸರಿಲ್ಲವೆಂದು ಅವರು ಈ ಪದ ಕಟ್ಟಿದರು. ಅವರ ಬಂಧುಗಳಲ್ಲೇ 49 ಮಂದಿ ಆ ಹತ್ಯೆಗೆ ಸಿಕ್ಕಿಹೋದರು. ನಾಜಿ ನಾಯಕರ ಮೇಲೆ ನಡೆದ ನ್ಯೂರೆಂಬರ್ಗ್ ವಿಚಾರಣೆಯ ದೋಷಾರೋಪಪಟ್ಟಿಯಲ್ಲಿ ಪದ ಕಾಣಿಸಿತಾದರೂ 1946ರ ತೀರ್ಪಿನಲ್ಲಿ ಬರಲಿಲ್ಲ. ಲೆಮ್ಕಿನ್ ಹಠ ಬಿಡದೆ ರಾಯಭಾರಿಗಳ ಬೆನ್ನುಬಿದ್ದು, ಕೊನೆಗೆ 1948ರ ಡಿಸೆಂಬರ್ 9ರಂದು ವಿಶ್ವಸಂಸ್ಥೆಯ ಮಹಾಸಭೆ ಜನಾಂಗಹತ್ಯೆ ಒಪ್ಪಂದವನ್ನು ಅಂಗೀಕರಿಸಿತು.

ಆ ಒಪ್ಪಂದದ ಎರಡನೆಯ ವಿಧಿಯನ್ನು ತಮ್ಮ ಸುದ್ದಿಮನೆಯ ಗೋಡೆಗೆ ಅಂಟಿಸಿಕೊಂಡರೆ ಅರ್ಧ ಗೊಂದಲ ಮುಗಿಯುತ್ತದೆ. ರಾಷ್ಟ್ರೀಯ, ಜನಾಂಗೀಯ, ವರ್ಣ ಆಧಾರಿತ ಅಥವಾ ಧಾರ್ಮಿಕ ಗುಂಪೊಂದನ್ನು, ಅದು ಆ ಗುಂಪು ಎಂಬ ಕಾರಣಕ್ಕೇ, ಪೂರ್ತಿಯಾಗಿಯೋ ಭಾಗಶಃವೋ ನಾಶಮಾಡುವ ಉದ್ದೇಶದಿಂದ ಅದರ ಸದಸ್ಯರನ್ನು ಕೊಲ್ಲುವುದು, ಅವರಿಗೆ ತೀವ್ರವಾದ ದೈಹಿಕ ಅಥವಾ ಮಾನಸಿಕ ಹಾನಿ ಮಾಡುವುದು, ಅವರು ಬದುಕಲಾರದಂಥ ಪರಿಸ್ಥಿತಿಯನ್ನು ಬೇಕೆಂದೇ ಹೇರುವುದು, ಅವರಲ್ಲಿ ಹೆರಿಗೆಗಳನ್ನು ತಡೆಯುವುದು, ಅವರ ಮಕ್ಕಳನ್ನು ಬಲವಂತವಾಗಿ ಬೇರೆ ಗುಂಪಿಗೆ ಸಾಗಿಸುವುದು: ಇವಿಷ್ಟರಲ್ಲಿ ಯಾವುದೇ ಆದರೂ ಜನಾಂಗಹತ್ಯೆ. ಕೊನೆಯ ಎರಡರಲ್ಲಿ ಒಂದು ಜೀವವೂ ಹೋಗಬೇಕಾಗಿಲ್ಲ ಎಂಬುದನ್ನು ಗಮನಿಸಬೇಕು. ರಾಜಕೀಯ ಗುಂಪುಗಳು ಈ ಪಟ್ಟಿಯಲ್ಲಿ ಇಲ್ಲ ಎಂಬುದನ್ನೂ ಗಮನಿಸಬೇಕು. ಅವನ್ನು ಸೇರಿಸಲು ಸೋವಿಯತ್ ಒಕ್ಕೂಟವೂ ಇತರ ಕೆಲವು ದೇಶಗಳೂ ಒಪ್ಪಲಿಲ್ಲ. ಅದರ ಫಲವೆಂದರೆ, ಕಾಂಬೋಡಿಯಾದಲ್ಲಿ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟರ ಆಳ್ವಿಕೆ 15ರಿಂದ 20 ಲಕ್ಷ ಜನರ ಸಾವಿಗೆ ಕಾರಣವಾದರೂ, 2018ರಲ್ಲಿ ಅಲ್ಲಿನ ವಿಶೇಷ ನ್ಯಾಯಾಲಯ ಜನಾಂಗಹತ್ಯೆ ಎಂದು ಶಿಕ್ಷೆ ವಿಧಿಸಿದ್ದು ವಿಯೆಟ್ನಾಮೀಯರ ಮತ್ತು ಚಾಮ್ ಮುಸ್ಲಿಮರ ವಿಷಯದಲ್ಲಿ ಮಾತ್ರ. ಸತ್ತವರಲ್ಲಿ ಹೆಚ್ಚಿನವರು ಕೊಂದವರ ಜನಾಂಗದವರೇ ಆಗಿದ್ದರು. ಹೆಣದ ಲೆಕ್ಕದಿಂದ ಈ ಪದವನ್ನು ತೂಗಲಾಗದು ಎಂಬುದಕ್ಕೆ ಇದಕ್ಕಿಂತ ಕಟುವಾದ ಉದಾಹರಣೆ ನನಗೆ ತಿಳಿದಿಲ್ಲ.

ಇದನ್ನೆಲ್ಲ ಓದುಗರಿಗೆ ತಿಳಿಸುವುದು ಕಷ್ಟ ಎಂದು ತಾವು ಹೇಳಬಹುದು. ತಾಳಮದ್ದಲೆ ಕೇಳಿ ಬೆಳೆದ ನಮ್ಮ ಕಡೆಯವರಿಗೆ ಕಷ್ಟವಾಗಲಾರದು. ತಕ್ಷಕ ಪರೀಕ್ಷಿತನನ್ನು ಕಚ್ಚಿ ಕೊಂದದ್ದಕ್ಕೆ ಮಗ ಜನಮೇಜಯ ಸರ್ಪಯಾಗ ಹೂಡಿದ. ತಕ್ಷಕನ ಅಪರಾಧ ಸುಳ್ಳಲ್ಲ, ಅಪ್ಪನನ್ನು ಕಳೆದುಕೊಂಡ ಮಗನ ಸಂಕಟವೂ ಸುಳ್ಳಲ್ಲ. ಆದರೆ ಹೋಮಕುಂಡಕ್ಕೆ ಬಂದು ಬಿದ್ದವು ಪರೀಕ್ಷಿತನ ಹೆಸರನ್ನೇ ಕೇಳಿರದ ಹಾವುಗಳು, ಮರಿಗಳು. ಅವುಗಳ ಮೇಲಿದ್ದ ಆರೋಪವೆಂದರೆ ಹಾವಾಗಿ ಹುಟ್ಟಿದ್ದು. ಯಾಗ ನಿಲ್ಲಿಸಲು ಬಂದ ಆಸ್ತೀಕನ ಪಾತ್ರಧಾರಿ ಜನಮೇಜಯನ ಎದುರು ಕೂತು, ತಕ್ಷಕನನ್ನು ದಂಡಿಸುವ ನಿನ್ನ ಹಕ್ಕನ್ನು ನಾನು ಪ್ರಶ್ನಿಸುವುದಿಲ್ಲ, ಉಳಿದವುಗಳ ಲೆಕ್ಕ ಕೊಡು ಎಂದು ಅರ್ಥ ಹೇಳುವಾಗ ಅವನು ವಾದಿಸುತ್ತಿರುವುದು ಈ ಎರಡನೆಯ ವಿಧಿಯನ್ನೇ. ಈ ಹೋಲಿಕೆಗೆ ಒಂದು ಮಿತಿಯನ್ನು ಹಾಕಿಯೇ ಮುಂದೆ ಹೋಗಬೇಕು: ಯಾವ ಜನರನ್ನೂ ನಾನು ಹಾವೆಂದು ಕರೆಯುತ್ತಿಲ್ಲ. ರುವಾಂಡಾದಲ್ಲಿ ರೇಡಿಯೋ ಟುಟ್ಸಿ ಜನಾಂಗದವರನ್ನು ಜಿರಳೆ ಎಂದು ಕೂಗಿ ಕೂಗಿಯೇ 1994ರ ಏಪ್ರಿಲ್‌ನಿಂದ ಸುಮಾರು ನೂರು ದಿನಗಳಲ್ಲಿ ಎಂಟು ಲಕ್ಷದಷ್ಟು ಜನರ ಕೊಲೆಗೆ ದಾರಿ ಮಾಡಿತು. ಗಾಜಾಕ್ಕೆ ಮುತ್ತಿಗೆ ಘೋಷಿಸಿದ ಮರುದಿನ, 2023ರ ಅಕ್ಟೋಬರ್ 10ರಂದು, ಇಸ್ರೇಲಿನ ಆಗಿನ ರಕ್ಷಣಾ ಸಚಿವ ಯೋವ್ ಗ್ಯಾಲಂಟ್, ನಾವು ಮನುಷ್ಯ ರೂಪದ ಮೃಗಗಳೊಂದಿಗೆ ಹೋರಾಡುತ್ತಿದ್ದೇವೆ ಎಂಬರ್ಥದ ಮಾತಾಡಿದ್ದನ್ನು ಹೇಗ್‌ನ ದೇಶ ದೇಶಗಳ ನಡುವಿನ ವ್ಯಾಜ್ಯ ಕೇಳುವ ಅಂತರರಾಷ್ಟ್ರೀಯ ನ್ಯಾಯಾಲಯ 2024ರ ತನ್ನ ಮಧ್ಯಂತರ ಆದೇಶದಲ್ಲಿ ದಾಖಲಿಸಿದ್ದು ಇದೇ ಕಾರಣಕ್ಕೆ. ಆ ಮಾತು ಹಮಾಸ್ ಕುರಿತದ್ದು, ಪ್ಯಾಲೆಸ್ಟೀನಿನ ಜನರ ಕುರಿತದ್ದಲ್ಲ ಎಂಬುದು ಇಸ್ರೇಲಿನ ಉತ್ತರ.

ಹಾಗಾಗಿ ಇಡೀ ವಿವಾದ ಬಂದು ನಿಲ್ಲುವುದು ಉದ್ದೇಶದ ಮೇಲೆ. ಉದ್ದೇಶ ಎಂಬುದು ಎದೆಯೊಳಗಿನ ಮಾತು, ಅದನ್ನು ಹೇಗೆ ಸಾಬೀತು ಮಾಡುತ್ತಾರೆ ಎಂದು ಚರ್ಚಾಸ್ಪರ್ಧೆಯಲ್ಲಿ ಹುಡುಗನೊಬ್ಬ ಸವಾಲು ಹಾಕಿದ. ಕ್ರಿಮಿನಲ್ ವಕೀಲನಿಗೆ ಇದು ದಿನನಿತ್ಯದ ಕೆಲಸ. ಬಹಳ ವರ್ಷಗಳ ಹಿಂದೆ ಸೊಪ್ಪಿನಬೆಟ್ಟದ ಗಡಿಯ ವಿಷಯದಲ್ಲಿ ದಾಯಾದಿಗಳಿಬ್ಬರಿಗೆ ಜಗಳವಾಗಿ, ಒಬ್ಬನ ಕತ್ತಿಯ ಏಟಿಗೆ ಇನ್ನೊಬ್ಬ ಸತ್ತ. ಹೊಡೆದವನ ಪರವಾಗಿ ನಾನಿದ್ದೆ. ನ್ಯಾಯಾಲಯ ಅವನ ಎದೆಯನ್ನೇನೂ ಸೀಳಿ ನೋಡಲಿಲ್ಲ. ಕತ್ತಿ ಮನೆಯಿಂದ ತಂದದ್ದೋ, ಸೊಪ್ಪು ಕಡಿಯುತ್ತಿದ್ದುದರಿಂದ ಕೈಯಲ್ಲೇ ಇದ್ದದ್ದೋ ಎಂದು ಕೇಳಿತು. ಏಟು ಎಷ್ಟು, ಎಲ್ಲಿಗೆ ಬಿತ್ತು, ಬಿದ್ದ ಮೇಲೂ ಹೊಡೆದನೋ, ಹಿಂದೆ ಕೊಲ್ಲುತ್ತೇನೆ ಎಂದಿದ್ದನೋ, ಆಮೇಲೆ ನೀರು ಕುಡಿಸಲು ಹೋದನೋ ಓಡಿದನೋ, ಇವನ್ನೆಲ್ಲ ಸಾಕ್ಷಿಗಳಿಂದ ಹೊರಡಿಸಿತು. ಒಂದೇ ಏಟು, ಕೈಯಲ್ಲಿದ್ದ ಕತ್ತಿ, ಹೊಡೆದವನೇ ಹೊತ್ತು ರಸ್ತೆಗೆ ತಂದಿದ್ದ. ಆಗಿನ ದಂಡಸಂಹಿತೆಯ 302ನೇ ಕಲಮಿನ ಕೊಲೆ ಆರೋಪ ನಿಲ್ಲದೆ, 304ರಡಿ ಕೊಲೆಯಲ್ಲದ ನರಹತ್ಯೆ ಎಂದು ಶಿಕ್ಷೆಯಾಯಿತು.

ಕಾನೂನಿನ ದೃಷ್ಟಿಯಲ್ಲಿ ತೀರ್ಪು ಸರಿಯಾಗಿತ್ತೆಂದು ಇಂದಿಗೂ ನನ್ನ ಅಭಿಪ್ರಾಯ. ಆದರೆ ಹೊರಗೆ ಜಗುಲಿಯಲ್ಲಿ ಸತ್ತವನ ಹೆಂಡತಿ ನನ್ನನ್ನು ತಡೆದು, “ಹಂಗಾರೆ ನಮ್ಮನೆಯವ್ರನ್ನ ಅವ್ರು ಕೊಂದೇ ಇಲ್ಲ ಅಂತ ಆತಾ ವಕೀಲ್ರೆ?” ಎಂದು ಕೇಳಿದಳು. ಗೆದ್ದ ಕಡೆಯ ವಕೀಲ ನಾನು, ಏನು ಹೇಳಲಿ? ಫೈಲು ಕಂಕುಳಿಗೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದೆ. ಆಕೆಯ ಜೊತೆಗಿದ್ದ ಚಿಕ್ಕ ಮಗ ಕಂಬದ ಸುತ್ತ ಸುತ್ತುತ್ತಿದ್ದುದು ನೆನಪಿದೆ.

ಜನಾಂಗಹತ್ಯೆಯ ವಿವಾದದಲ್ಲಿ ನಡೆಯುತ್ತಿರುವುದು ಇದೇ. ಬೋಸ್ನಿಯಾ 1993ರಲ್ಲಿ ಸರ್ಬಿಯಾದ ಕಡೆಯವರ ಮೇಲೆ ಹೂಡಿದ ದಾವೆಗೆ ಅಂತರರಾಷ್ಟ್ರೀಯ ನ್ಯಾಯಾಲಯದ ತೀರ್ಪು ಬಂದದ್ದು 2007ರ ಫೆಬ್ರುವರಿ 26ರಂದು, ಹದಿನಾಲ್ಕು ವರ್ಷಗಳ ಮೇಲೆ. 1995ರ ಜುಲೈನಲ್ಲಿ ಸ್ರೆಬ್ರೆನಿತ್ಸಾದಲ್ಲಿ ಎಂಟು ಸಾವಿರದಷ್ಟು ಬೋಸ್ನಿಯಾ ಮುಸ್ಲಿಂ ಗಂಡಸರನ್ನೂ ಹುಡುಗರನ್ನೂ ಕೊಂದದ್ದು ಜನಾಂಗಹತ್ಯೆ ಎಂದ ನ್ಯಾಯಾಲಯ, ದೇಶದ ಬೇರೆ ಕಡೆಗಳಲ್ಲಿ ಸಾಮೂಹಿಕ ಕೊಲೆಗಳು ನಡೆದದ್ದನ್ನು ಒಪ್ಪಿಯೂ ಅಲ್ಲಿ ನಾಶದ ಉದ್ದೇಶ ರುಜುವಾತಾಗಲಿಲ್ಲವೆಂದಿತು. ನಡತೆಯಿಂದ ಉದ್ದೇಶವನ್ನು ಊಹಿಸಬಹುದು, ಆದರೆ ಆ ನಡತೆಗೆ ಹೊಂದುವ ಸಮಂಜಸ ನಿರ್ಣಯ ಅದೊಂದೇ ಆಗಿರಬೇಕು ಎಂಬುದು ನ್ಯಾಯಾಲಯ ಇಟ್ಟ ಅಳತೆ. ಬಹಳ ಎತ್ತರದ ಅಳತೆ ಇದು. ಇದಕ್ಕೆ ಮುಟ್ಟದೆ ಹೋದದ್ದು ಯುದ್ಧಾಪರಾಧವಾಗಿರಬಹುದು, ಮಾನವತೆಯ ವಿರುದ್ಧದ ಅಪರಾಧವಾಗಿರಬಹುದು; ಕೊಂದೇ ಇಲ್ಲ ಎಂದು ಅರ್ಥವಲ್ಲ. 2005ರಲ್ಲಿ ಡಾರ್ಫುರ್ ಬಗ್ಗೆ ವಿಶ್ವಸಂಸ್ಥೆಯ ಆಯೋಗ, ಸುಡಾನ್ ಸರ್ಕಾರಕ್ಕೆ ಜನಾಂಗಹತ್ಯೆಯ ನೀತಿ ಇದ್ದಂತಿಲ್ಲ ಎಂದು ಹೇಳಿ, ಅಲ್ಲಿ ನಡೆದ ಅಪರಾಧಗಳು ಜನಾಂಗಹತ್ಯೆಗಿಂತ ಕಡಿಮೆ ಘೋರವೇನಲ್ಲ ಎಂದೂ ಸೇರಿಸಿತ್ತು. ನಮ್ಮ ಸುದ್ದಿಗಳಲ್ಲಿ ಇಂಥ ವರದಿಯ ಮೊದಲ ಅರ್ಧ ಮಾತ್ರ ತಲೆಬರಹವಾಗುತ್ತದೆ, ಓದಿದವರು ಆ ಹೆಂಗಸಿನಂತೆ ಬೆಪ್ಪಾಗುತ್ತಾರೆ ಅಥವಾ ನನ್ನ ಕಕ್ಷಿದಾರನಂತೆ ನಿರಾಳವಾಗುತ್ತಾರೆ.

ಈಗ ಗಾಜಾಕ್ಕೆ ಬರುತ್ತೇನೆ. 2023ರ ಅಕ್ಟೋಬರ್ 7ರಂದು ಹಮಾಸ್ ನಡೆಸಿದ ದಾಳಿಯಲ್ಲಿ ಸುಮಾರು 1,200 ಜನ ಸತ್ತು, 251 ಮಂದಿ ಒತ್ತೆಯಾಳುಗಳಾದರು. 2025ರ ಅಕ್ಟೋಬರಿನ ಕದನವಿರಾಮದ ಹೊತ್ತಿಗೆ ಗಾಜಾದ ಆರೋಗ್ಯ ಸಚಿವಾಲಯದ ಲೆಕ್ಕದಲ್ಲಿ ಅಲ್ಲಿ ಸತ್ತವರು 67,000ಕ್ಕೂ ಹೆಚ್ಚು. ಹೋರಾಟಗಾರರನ್ನೂ ನಾಗರಿಕರನ್ನೂ ಆ ಲೆಕ್ಕ ಬೇರ್ಪಡಿಸುವುದಿಲ್ಲ. ದಕ್ಷಿಣ ಆಫ್ರಿಕಾ 2023ರ ಡಿಸೆಂಬರ್ 29ರಂದು ಇಸ್ರೇಲಿನ ಮೇಲೆ ದಾವೆ ಹೂಡಿತು. 2024ರ ಜನವರಿ 26ರಂದು ಬಂದದ್ದು ಮಧ್ಯಂತರ ಆದೇಶ. ಅಂದು ರಾತ್ರಿ ಒಂದು ವಾಹಿನಿ ‘ಇಸ್ರೇಲ್ ತಪ್ಪಿತಸ್ಥ’ ಎಂದಿತು, ಇನ್ನೊಂದು ‘ಇಸ್ರೇಲ್‌ಗೆ ಗೆಲುವು, ಯುದ್ಧ ನಿಲ್ಲಿಸಲು ಹೇಳದ ಕೋರ್ಟ್’ ಎಂದಿತು. ಎರಡೂ ಸರಿಯಲ್ಲ. ಜನಾಂಗಹತ್ಯೆಯಿಂದ ರಕ್ಷಣೆ ಪಡೆಯುವ ಪ್ಯಾಲೆಸ್ಟೀನಿಯರ ಹಕ್ಕು ಮೇಲ್ನೋಟಕ್ಕೆ ಒಪ್ಪತಕ್ಕದ್ದು, ಆ ಹಕ್ಕಿಗೆ ಅಪಾಯವಿದೆ, ಆದ್ದರಿಂದ ಈ ಕ್ರಮಗಳನ್ನು ಕೈಗೊಳ್ಳಿ ಎಂದು ನ್ಯಾಯಾಲಯ ಹೇಳಿತ್ತು. ಜನಾಂಗಹತ್ಯೆ ನಡೆದಿದೆಯೇ ಎಂಬುದನ್ನು ತೀರ್ಮಾನಿಸಿರಲಿಲ್ಲ. ಆಗ ಅಧ್ಯಕ್ಷರಾಗಿದ್ದ ಜೋನ್ ಡೊನಹ್ಯೂ ಅವರೇ ಮುಂದೆ ಸಂದರ್ಶನದಲ್ಲಿ ಇದನ್ನು ಬಿಡಿಸಿ ಹೇಳಬೇಕಾಯಿತು. ನಮ್ಮೂರಿನ ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ಸಿಕ್ಕಿದ ದಿನವೇ ತೋಟ ತನ್ನದಾಯಿತೆಂದು ಪಟಾಕಿ ಹೊಡೆಯುವವರನ್ನು ನಾನು ಕಂಡಿದ್ದೇನೆ. ಆ ಪಟಾಕಿ ಪತ್ರಿಕೆಯಲ್ಲಿ ಹೊಡೆಯಬಾರದು.

ಅದೇ ಆದೇಶದಲ್ಲಿ ಎರಡು ಸಂಗತಿಗಳು ಕನ್ನಡ ಓದುಗರ ಕುತೂಹಲಕ್ಕೆ ತಕ್ಕವಾಗಿದ್ದವು, ನಾನು ಓದುವ ಮೂರೂ ಪತ್ರಿಕೆಗಳಲ್ಲಿ ಅವಕ್ಕೆ ಜಾಗ ಸಿಗಲಿಲ್ಲ. ಭಾರತದ ನ್ಯಾಯಮೂರ್ತಿ ದಲ್ವೀರ್ ಭಂಡಾರಿ ಬಹುಮತದೊಡನೆ ಮತ ಹಾಕಿ ತಮ್ಮ ಪ್ರತ್ಯೇಕ ಹೇಳಿಕೆಯನ್ನೂ ಬರೆದರು. ಇಸ್ರೇಲೇ ನೇಮಿಸಿದ್ದ ನ್ಯಾಯಮೂರ್ತಿ ಅಹರೋನ್ ಬರಾಕ್ ಜನಾಂಗಹತ್ಯೆಯ ಆರೋಪವನ್ನು ಒಪ್ಪದಿದ್ದರೂ, ಪ್ರಚೋದನೆ ತಡೆಯುವ ಮತ್ತು ಮಾನವೀಯ ನೆರವು ಒದಗಿಸುವ ಎರಡು ಕ್ರಮಗಳ ಪರವಾಗಿ ಮತ ಹಾಕಿದರು. ಪರ, ವಿರೋಧ ಎಂದು ಎರಡೇ ಗುಂಪು ಮಾಡಿ ಪ್ಯಾನೆಲ್ ಕೂರಿಸುವ ವಾಹಿನಿಗಳಿಗೆ ಬರಾಕ್ ಅವರನ್ನು ಎಲ್ಲಿ ಕೂರಿಸುವುದೆಂದು ತಿಳಿಯುತ್ತಿರಲಿಲ್ಲ.

2025ರ ಸೆಪ್ಟೆಂಬರಿನ ವರದಿ ಕೊಟ್ಟದ್ದು ಮೂವರ ತನಿಖಾ ಆಯೋಗ. ಅದರ ಆಗಿನ ಅಧ್ಯಕ್ಷೆ ನವಿ ಪಿಳ್ಳೆ, ಡರ್ಬನ್ನಿನ ತಮಿಳು ಮೂಲದ ಕುಟುಂಬದವರು. ರುವಾಂಡಾದ ಪ್ರಕರಣದಲ್ಲಿ 1998ರ ಸೆಪ್ಟೆಂಬರ್ 2ರಂದು ಜಾನ್ ಪಾಲ್ ಅಕಯೇಸು ಎಂಬ ಮೇಯರನನ್ನು ಜನಾಂಗಹತ್ಯೆಯ ಅಪರಾಧಿಯೆಂದು ಘೋಷಿಸಿ, ಈ ಒಪ್ಪಂದದ ಮೇಲೆ ಅಂತರರಾಷ್ಟ್ರೀಯ ನ್ಯಾಯಪೀಠವೊಂದು ಕೊಟ್ಟ ಮೊಟ್ಟಮೊದಲ ಶಿಕ್ಷೆಯ ತೀರ್ಪನ್ನು ಬರೆದ ಮೂವರಲ್ಲಿ ಒಬ್ಬರು. ಆಗಿನ ಇನ್ನೊಬ್ಬ ಸದಸ್ಯರು ನಮ್ಮ ದೇಶದ ಮಿಲೂನ್ ಕೊಠಾರಿ. ಐದು ಕೃತ್ಯಗಳಲ್ಲಿ ಮಕ್ಕಳ ಸಾಗಾಟವೊಂದನ್ನು ಬಿಟ್ಟು ನಾಲ್ಕನ್ನೂ ಇಸ್ರೇಲ್ ಮಾಡಿದೆ, ಉದ್ದೇಶವೂ ನಾಯಕರ ಮಾತುಗಳಿಂದಲೂ ನಡತೆಯಿಂದಲೂ ಸಾಬೀತಾಗಿದೆ ಎಂದು ಆಯೋಗ ಹೇಳಿತು. ಹೆರಿಗೆ ತಡೆಯುವ ಕೃತ್ಯಕ್ಕೆ ಅದು ಕೊಟ್ಟ ಆಧಾರ 2023ರ ಡಿಸೆಂಬರಿನಲ್ಲಿ ಗಾಜಾದ ಐವಿಎಫ್ ಕೇಂದ್ರವೊಂದರ ಮೇಲಾದ ದಾಳಿ. ದ್ರವಸಾರಜನಕದ ಟ್ಯಾಂಕುಗಳು ಹಾಳಾಗಿ ಅಲ್ಲಿ ಕಾಪಿಟ್ಟಿದ್ದ ಸುಮಾರು 4,000 ಭ್ರೂಣಗಳು ನಾಶವಾದವು.

ಇಸ್ರೇಲ್ ಈ ವರದಿಯನ್ನು ಸುಳ್ಳೆಂದು ಪೂರ್ತಿಯಾಗಿ ತಳ್ಳಿಹಾಕಿತು. ತಾನು ಆತ್ಮರಕ್ಷಣೆಗಾಗಿ ಹಮಾಸ್ ವಿರುದ್ಧ ಹೋರಾಡುತ್ತಿದ್ದೇನೆ, ಹಮಾಸ್ ಮನೆ ಆಸ್ಪತ್ರೆಗಳ ನಡುವೆ ಅಡಗಿದ್ದರಿಂದ ನಾಗರಿಕರು ಸತ್ತರು, ದಾಳಿಗೆ ಮುನ್ನ ಜನರಿಗೆ ಜಾಗ ಖಾಲಿಮಾಡಲು ಎಚ್ಚರಿಕೆ ಕೊಟ್ಟಿದ್ದೇನೆ, ನೆರವು ಒಳಬಿಟ್ಟಿದ್ದೇನೆ, ಇದರಲ್ಲಿ ನಾಶದ ಉದ್ದೇಶ ಎಲ್ಲಿದೆ ಎಂಬುದು ಅದರ ವಾದ. ಇದು ಉಡಾಫೆಯ ವಾದವಲ್ಲ. ‘ಸಮಂಜಸ ನಿರ್ಣಯ ಅದೊಂದೇ’ ಎಂಬ ಅಳತೆಗೆ ನೇರವಾಗಿ ಎದುರು ನಿಲ್ಲಿಸಿದ ವಾದ. ನಾನು ಆ ಕಡೆಯ ವಕೀಲನಾಗಿದ್ದರೂ ಇದನ್ನೇ ಹೂಡುತ್ತಿದ್ದೆ. ದೇಶಗಳನ್ನಲ್ಲದೆ ವ್ಯಕ್ತಿಗಳನ್ನು ವಿಚಾರಿಸುವ ಬೇರೊಂದು ನ್ಯಾಯಾಲಯವಾದ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ 2024ರ ನವೆಂಬರ್ 21ರಂದು ನೆತನ್ಯಾಹು ಮತ್ತು ಗ್ಯಾಲಂಟ್ ಅವರ ಮೇಲೆ ಹೊರಡಿಸಿದ ಬಂಧನ ವಾರಂಟುಗಳಲ್ಲಿ ಇರುವುದೂ ಹಸಿವನ್ನು ಆಯುಧವಾಗಿ ಬಳಸಿದ್ದೇ ಮೊದಲಾದ ಯುದ್ಧಾಪರಾಧ ಮತ್ತು ಮಾನವತೆಯ ವಿರುದ್ಧದ ಅಪರಾಧಗಳೇ ಹೊರತು ಜನಾಂಗಹತ್ಯೆಯಲ್ಲ. ಇನ್ನೊಂದು ಕಡೆ, ಇಸ್ರೇಲಿನದೇ ಮಾನವ ಹಕ್ಕು ಸಂಘಟನೆ ಬೆತ್ಸೆಲೆಮ್ 2025ರ ಜುಲೈನಲ್ಲಿ ಇದನ್ನು ಜನಾಂಗಹತ್ಯೆ ಎಂದಿತು. ಇಸ್ರೇಲಿನಲ್ಲೇ ಹುಟ್ಟಿದ ಇತಿಹಾಸಕಾರ ಒಮರ್ ಬಾರ್ತೋವ್ 2023ರ ನವೆಂಬರಿನಲ್ಲಿ ಹಾಗೆನ್ನಲು ಇನ್ನೂ ಆಧಾರ ಸಾಲದೆಂದು ಬರೆದವರು, 2025ರ ಜುಲೈ ಹೊತ್ತಿಗೆ ಹೌದೆಂದರು.

ನನ್ನ ಅಭಿಪ್ರಾಯ ಮುಚ್ಚಿಟ್ಟು ಬರೆದರೆ ಅಪ್ರಾಮಾಣಿಕವಾದೀತು. ಬಾಂಬಿನ ಸಾವುಗಳಿಗೆ ಇಸ್ರೇಲಿನ ವಾದ ಒಂದು ಮಟ್ಟಿಗೆ ಉತ್ತರ ಕೊಡಬಹುದು. ಆದರೆ 2025ರ ಮಾರ್ಚ್‌ನಿಂದ ಹನ್ನೊಂದು ವಾರ ಆಹಾರ, ಔಷಧ, ಇಂಧನ ಯಾವುದನ್ನೂ ಒಳಬಿಡದೆ ಹಾಕಿದ ದಿಗ್ಬಂಧನಕ್ಕೆ ಬೇರೊಂದು ಸಮಂಜಸ ಕಾರಣವನ್ನು ನಾನು ಹುಡುಕಿ ಸೋತಿದ್ದೇನೆ. ಸೊಪ್ಪಿನಬೆಟ್ಟದ ಮೊಕದ್ದಮೆಯ ಭಾಷೆಯಲ್ಲಿ ಹೇಳುವುದಾದರೆ, ಅದು ಬಿದ್ದ ಮೇಲೂ ಹೊಡೆದ ಏಟು. ಇದು ಒಬ್ಬ ಓದುಗನ ತರ್ಕ, ತೀರ್ಪಲ್ಲ. ಹೇಗ್‌ನ ಅಂತಿಮ ತೀರ್ಪು ನಾನು ಇದನ್ನು ಬರೆಯುವ ಹೊತ್ತಿಗೆ ಬಂದಿಲ್ಲ.

ತೀರ್ಪು ಬರುವವರೆಗೆ ಆ ಪದವನ್ನೇ ಎತ್ತಬಾರದು ಎನ್ನುವವರಿದ್ದಾರೆ. ಬ್ಯಾನರಿಗೆ ಹಾಳೆ ಅಂಟಿಸಿದವರ ಸಮಜಾಯಿಷಿಯೂ ಅದೇ ಆಗಿತ್ತು. ಕೇಳಲು ನ್ಯಾಯವಾಗಿ ತೋರುವ ಈ ಮಾತು ಕಾನೂನಿನಲ್ಲಿ ನಿಲ್ಲುವುದಿಲ್ಲ. ಒಪ್ಪಂದದ ಹೆಸರಿನಲ್ಲೇ ‘ತಡೆಗಟ್ಟುವಿಕೆ’ ಮೊದಲು ಬರುತ್ತದೆ, ‘ಶಿಕ್ಷೆ’ ಆಮೇಲೆ. ತಡೆಯುವ ಹೊಣೆ ಹುಟ್ಟುವುದು ಜನಾಂಗಹತ್ಯೆ ನಡೆಯುವ ಗಂಭೀರ ಅಪಾಯವಿದೆ ಎಂದು ತಿಳಿದ ಕ್ಷಣದಿಂದ ಎಂದು ಅದೇ 2007ರ ತೀರ್ಪು ಹೇಳಿದೆ. ಸರ್ಬಿಯಾ ತಾನೇ ಜನಾಂಗಹತ್ಯೆ ಮಾಡಲಿಲ್ಲ, ಆದರೆ ತಡೆಯದೆ ತಪ್ಪಿತಸ್ಥವಾಯಿತು ಎಂದು ನಿರ್ಣಯವಾದದ್ದು ಹೀಗೆ. ತಡೆಯಬೇಕಾದರೆ ನಡೆಯುತ್ತಿರುವಾಗಲೇ ಹೆಸರಿಟ್ಟು ಮಾತಾಡಬೇಕಲ್ಲವೇ? 1994ರ ಜೂನ್‌ನಲ್ಲಿ ಅಮೆರಿಕದ ವಿದೇಶಾಂಗ ಇಲಾಖೆಯ ವಕ್ತಾರೆ ರುವಾಂಡಾದಲ್ಲಿ ‘ಜನಾಂಗಹತ್ಯೆಯ ಕೃತ್ಯಗಳು’ ನಡೆದಿವೆ ಎನ್ನುತ್ತಿದ್ದರೇ ಹೊರತು ಜನಾಂಗಹತ್ಯೆ ಎನ್ನುತ್ತಿರಲಿಲ್ಲ. ಅಂಥ ಎಷ್ಟು ಕೃತ್ಯಗಳು ಕೂಡಿದರೆ ಒಂದು ಜನಾಂಗಹತ್ಯೆಯಾಗುತ್ತದೆ ಎಂದು ಪತ್ರಕರ್ತರೊಬ್ಬರು ಕೇಳಿದ ಪ್ರಶ್ನೆಗೆ ಅವರ ಬಳಿ ಉತ್ತರವಿರಲಿಲ್ಲ. ಕೇಳಿದ್ದು ಪತ್ರಕರ್ತ ಎಂಬುದನ್ನು ತಮಗೆ ನೆನಪಿಸಬೇಕಾಗಿಲ್ಲ.

ಸಾಗರದಲ್ಲಿ ಕೂತು ಗಾಜಾದ ಉಸಾಬರಿ ಯಾಕೆ ಎಂಬ ಮಾತಿಗೂ ಉತ್ತರ ಹೇಳಿಬಿಡುತ್ತೇನೆ. ಭಾರತ ಈ ಒಪ್ಪಂದಕ್ಕೆ 1949ರಲ್ಲಿ ಸಹಿ ಹಾಕಿ 1959ರಲ್ಲಿ ಸ್ಥಿರೀಕರಿಸಿದೆ. ಆದರೆ ಅದನ್ನು ಜಾರಿಗೆ ತರುವ ಕಾನೂನನ್ನು ಇಂದಿಗೂ ಮಾಡಿಲ್ಲ. 1984ರ ಸಿಖ್ಖರ ಹತ್ಯೆಯ ಪ್ರಕರಣದಲ್ಲಿ 2018ರ ಡಿಸೆಂಬರ್ 17ರಂದು ಮಾಜಿ ಸಂಸದ ಸಜ್ಜನ್ ಕುಮಾರ್‌ಗೆ ಶಿಕ್ಷೆ ವಿಧಿಸುತ್ತ ದೆಹಲಿ ಹೈಕೋರ್ಟ್, ಜನಾಂಗಹತ್ಯೆಯಾಗಲಿ ಮಾನವತೆಯ ವಿರುದ್ಧದ ಅಪರಾಧವಾಗಲಿ ನಮ್ಮ ದಂಡ ಕಾನೂನಿನಲ್ಲಿ ಇಲ್ಲ, ಈ ಲೋಪವನ್ನು ತುರ್ತಾಗಿ ಸರಿಪಡಿಸಬೇಕು ಎಂದಿತ್ತು. ಆಮೇಲೆ ಇಡೀ ದಂಡಸಂಹಿತೆಯೇ ಬದಲಾಗಿ ನ್ಯಾಯಸಂಹಿತೆ ಬಂತು, ಅದರಲ್ಲೂ ಈ ಪದವಿಲ್ಲ. ಕಾನೂನಿನಲ್ಲಿ ಇಲ್ಲದ ಪದ ಪತ್ರಿಕೆಯಲ್ಲೂ ಕಲಸುಮೇಲೋಗರವಾದರೆ ನಮ್ಮ ಜನರು ಅದನ್ನು ಕಲಿಯುವುದು ಎಲ್ಲಿಂದ?

ನನ್ನ ಕೋರಿಕೆ ದೊಡ್ಡದಲ್ಲ. ಒಪ್ಪಂದದ ಅರ್ಥದಲ್ಲಿ ಬರೆಯುವಾಗ ‘ಜನಾಂಗಹತ್ಯೆ’ ಎಂಬ ಒಂದೇ ಪದವನ್ನು ಎಲ್ಲ ಪತ್ರಿಕೆಗಳೂ ವಾಹಿನಿಗಳೂ ಬಳಸಲಿ, ಹತ್ಯಾಕಾಂಡವನ್ನು ಹತ್ಯಾಕಾಂಡಕ್ಕೆ ಉಳಿಸಿಕೊಳ್ಳಲಿ, ಮರಗಳಿಗೆ ಕಡಿತಲೆ ಸಾಕು. ಆ ಪದ ಬಂದಾಗಲೆಲ್ಲ ಅದನ್ನು ಹೇಳಿದವರು ನ್ಯಾಯಾಲಯವೋ, ತನಿಖಾ ಆಯೋಗವೋ, ಒಂದು ಸರ್ಕಾರವೋ, ಒಂದು ಪಕ್ಷವೋ ಎಂಬುದು ತಲೆಬರಹದಲ್ಲೇ ಇರಲಿ. ಅಲ್ಲಗಳೆದವರ ಹೆಸರಿನ ಜೊತೆ ಅಲ್ಲಗಳೆದ ಕಾರಣವೂ ಎರಡು ಸಾಲಾದರೂ ಅಚ್ಚಾಗಲಿ. ಮಧ್ಯಂತರ ಆದೇಶವನ್ನು ತೀರ್ಪೆಂದು ಕರೆಯದಿರಲಿ. ಉಕ್ರೇನ್, ಸುಡಾನ್, ಮ್ಯಾನ್ಮಾರ್, ಯಾವ ದೇಶದ ಸುದ್ದಿಗೂ ಇದೇ ನಿಯಮ ನಡೆಯಲಿ. ಬೇಕಾದವರು ಕೊಂದಾಗ ‘ಕಾರ್ಯಾಚರಣೆ’, ಬೇಡವಾದವರು ಕೊಂದಾಗ ‘ನರಮೇಧ’ ಎಂಬುದು ನಿಲ್ಲಲಿ.

ಹೇಗ್‌ನ ತೀರ್ಪು ನಮ್ಮ ಗಡಿಯಾರದಲ್ಲಿ ಸಂಜೆಯ ಮೇಲೆ ಬರಬಹುದು. ಪುಟ ಕಟ್ಟುವ ಗಡಿಬಿಡಿಯಲ್ಲಿ ಡೆಸ್ಕಿನವರು ಕೈಗೆ ಸಿಕ್ಕ ಪದ ಹಾಕಿ ಮುಗಿಸುತ್ತಾರೆ ಎಂಬುದು ನನಗೆ ಗೊತ್ತು, ಅವರನ್ನು ದೂರುವುದಿಲ್ಲ. ಪದವನ್ನು ಮೊದಲೇ ನಿಗದಿ ಮಾಡಿ ಕೊಡಬೇಕಾದವರು ತಾವು. ಹೊಸನಗರದ ಆ ಹುಡುಗಿಗೆ ಎರಡನೆಯ ಬಹುಮಾನ ಬಂತು. ವಿಷಯ ಬಿಟ್ಟು ಮಾತಾಡಿದಳೆಂದು ಮೂರನೆಯ ತೀರ್ಪುಗಾರರು ಅಂಕ ಕಳೆದಿದ್ದರು. ಹೊರಡುವಾಗ ರಟ್ಟನ್ನು ನನ್ನ ಕೈಗೆ ಕೊಟ್ಟು ಹೋದಳು. ತಮ್ಮಲ್ಲಿ ಯಾರಾದರೂ ಉತ್ತರ ಬರೆದರೆ ಅದರ ಹಿಂಬದಿಗೆ ಅಂಟಿಸಿ ಆಕೆಗೆ ತಲುಪಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ವಕೀಲ
ಸಾಗರ, ಶಿವಮೊಗ್ಗ ಜಿಲ್ಲೆ